ಸ್ಟೀಲ್ ಟೋಪಿಯ ಹಲ್ಲು

ಮೊಮ್ಮಗಳ ಬಿದ್ದ ಹಾಲುಹಲ್ಲನ್ನು ಸಗಣಿ ಉಂಡೆಗೆ ಒತ್ತಿ ಹೆಂಚಿನ ಮೇಲೆ ಎಸೆಯಲು ಎತ್ತಿದ ದೊಡ್ಡಗಂಗಮ್ಮನ ಕೈ ಹಾಗೇ ನಿಂತಿತು. ಉಂಡೆಯಲ್ಲಿ ಹಲ್ಲಿನ ಸ್ಟೀಲ್ ಟೋಪಿ ಮಿನುಗುತ್ತಿತ್ತು.

ಮಗ ಚಿಕ್ಕಬೋರಯ್ಯ ಜಗಳಕ್ಕೆ ಸಿದ್ಧನಾದ. ಹುಳುಕು ಹಲ್ಲಿನ ನೋವಿಗೆ ಮಗಳು ಊಟ ಬಿಟ್ಟಾಗ ಗುಬ್ಬಿಯಿಂದ ಶಿರಾ ಗೇಟಿನ ಹಲ್ಲಿನ ಡಾಕ್ಟರ ಹತ್ತಿರ ಹೊತ್ತೊಯ್ದು ಈ ಟೋಪಿ ಹಾಕಿಸಿದವನು ಅವನೇ. "ಬೀಳೋ ಹಲ್ಲಿಗೆ ಟೋಪಿ ಹಾಕ್ಸೋ ದಡ್ಡ ನೀನೊಬ್ನೇ ಕಣ್ಲಾ!" ಎಂದು ಅವ್ವ ಆಗ ಬೀದಿಗೆಲ್ಲ ಕೇಳುವಂತೆ ಆಡಿಕೊಂಡಿದ್ದಳು.

"ಬಾಯ್ ಬುಡೇ," ಎಂದು ದೊಡ್ಡಗಂಗಮ್ಮ ಮೊಮ್ಮಗಳ ಗಲ್ಲ ಎತ್ತಿದಳು. ಟೋಪಿಯ ಹಲ್ಲು ಇಷ್ಟು ದಿನ ಕಾದಿಟ್ಟ ಜಾಗದಲ್ಲೇ ಹೊಸ ಹಲ್ಲು ನೆಟ್ಟಗೆ ಮೊಳೆತಿತ್ತು.

"ಎಸಿಯವ್ವ, ಯಾಕ್ ನಿಂತೆ?" ಚಿಕ್ಕಬೋರಯ್ಯ ಗದರಿದ.

"ಸುಮ್ನಿರ್ಲಾ!" ಅವಳು ಹಲ್ಲನ್ನು ಸಗಣಿಯಿಂದ ಬಿಡಿಸಿ, ಸೆರಗಿನಲ್ಲಿ ತಿಕ್ಕಿ ಬೆಳಗಿ, ಪಕ್ಕದ ಮನೆಯತ್ತ ಕೂಗಿದಳು: "ಚೆನ್ನಮ್ಮಾ, ಓಡ್ಬಾರೇ! ನನ್ ಮಗ ಟೋಪಿ ಹಾಕ್ಸಿದ್ ಹಲ್ಲು ನೋಡ್ಬಾ!"