ಹಳೇಗುಜರಿ ಬರಲಿಲ್ಲ

ಟೀವಿಯೊಳಗೆ ಒಂದು ಕಾರು ಅಪ್ಪಚ್ಚಿಯಾಯಿತು. ಆಳೆತ್ತರದ ಚಕ್ರ ಅದರ ಮೇಲೆ ಹತ್ತಿ ಇಳಿದು, ಗಾಜು ಪುಡಿಯಾದ ಸದ್ದು ಅಡುಗೆಮನೆಯವರೆಗೆ ಬಂತು. ಈರುಳ್ಳಿ ಹೆಚ್ಚುತ್ತಿದ್ದ ಅವಳ ಕೈ ನಿಂತಿತು. ಇಲ್ಲ, ಇದಿನ್ನೂ ರೇಸಲ್ಲ. ಗಂಡ ಕೈ ಪಳಗಿಸಿಕೊಳ್ಳುತ್ತಿದ್ದಾನೆ ಅಷ್ಟೆ.

"ಹಳೇಗುಜರಿ ಇನ್ನೂ ಬಂದಿಲ್ಲ," ಎಂದ ಅವನು ಹಾಲ್‌ನಿಂದ, ಯಾರಿಗೆಂದೂ ಇಲ್ಲದೆ. "ಬರಲಿ ನನ್ಮಗ. ಇವತ್ತು ಅವನ ಎಲುಬು ಎಣಿಸ್ತೀನಿ."

ಗಂಡ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಹಗಲೆಲ್ಲ ಮೇಲ್ವಿಚಾರಕನಿಂದ ಬೈಸಿಕೊಂಡು ಬಂದು ಸಂಜೆ ದೈತ್ಯ ಟ್ರಕ್ಕುಗಳ ರೇಸಿಗೆ ಕೂರುತ್ತಿದ್ದ. ಆ ಆಟದಲ್ಲಿ ಬರೀ ಮುಂದೆ ಓಡಿದರೆ ಸಾಲದು. ಎದುರಾಳಿಯ ಟ್ರಕ್ಕನ್ನು ಗುದ್ದಿ ಉರುಳಿಸಿ, ಅದರ ಹೊಟ್ಟೆಯ ಮೇಲೆ ಹತ್ತಿ ನಿಲ್ಲಬೇಕು. ಇಂಟರ್ನೆಟ್ಟಿನಲ್ಲಿ ಯಾರ್ಯಾರೋ ಸುಳ್ಳು ಹೆಸರು ಇಟ್ಟುಕೊಂಡು ಆಡಲು ಬರುತ್ತಿದ್ದರು. ಇವನು ಯಮಗಾಲಿ. ಹಳೇಗುಜರಿ ಇವನ ಖಾಯಂ ಗಿರಾಕಿ.

ಯಮಗಾಲಿ ಗೆದ್ದ ದಿನ ಮನೆ ತಣ್ಣಗಿರುತ್ತಿತ್ತು. ಸೋತ ದಿನ ಅವನು ಅಡುಗೆಮನೆಗೆ ಬರುತ್ತಿದ್ದ. ಉಪ್ಪು ಹೆಚ್ಚಾಯಿತು, ಬಾಗಿಲು ಕಿರ್ರೆಂದಿತು, ಹಾಗೇಕೆ ನೋಡಿದೆ, ಏನೋ ಒಂದು ನೆಪ. ಮೊದಲು ಕೈ. ಆಮೇಲೆ ಕೈಗೆ ಸಿಕ್ಕಿದ್ದು.

ಪುಣ್ಯಕ್ಕೆ ಹಳೇಗುಜರಿ ಸೋಲುತ್ತಿದ್ದ. ಸುಮ್ಮನೆ ಸೋಲುವವನೂ ಅಲ್ಲ. ಕೊನೆಯ ತಿರುವಿನವರೆಗೆ ಯಮಗಾಲಿಯ ಬೆವರಿಳಿಸಿ, ಅಲ್ಲಿ ಗಾಡಿ ಹೊರಳಿಸಿಕೊಳ್ಳುತ್ತಿದ್ದ.

"ಗಂಡಸು ಕಣೇ ಅವನು, ಹೋರಾಡಿ ಸಾಯ್ತಾನೆ," ಎಂದು ಗಂಡ ಊಟಕ್ಕೆ ಕೂತು ಹೊಗಳುತ್ತಿದ್ದ. "ಮೊನ್ನೆ ಕರೆಂಟು ಹೋಗಿತ್ತಲ್ಲ, ವಾಪಸ್ ಬರೋದೇ ತಡ, ಅವನೂ ಹಾಜರ್. ನನ್ನ ಬಿಟ್ಟಿರಕ್ಕಾಗಲ್ಲ ಅವನಿಗೆ."

ಆ ಗುರುತು ಪರಿಚಯವಿಲ್ಲದ ಗಂಡಸಿಗೆ ಅವಳು ಮನಸ್ಸಿನಲ್ಲೇ ಋಣಿಯಾಗಿದ್ದಳು. ಸಿಟ್ಟೆಲ್ಲ ಅತ್ತೆಯ ಮೇಲೆ. ಮಗ ಟೀವಿ ಮುಂದೆ ಕೂತನೆಂದರೆ ಮುದುಕಿ ಫೋನು ಹಿಡಿದು ಕೋಣೆ ಸೇರುವಳು, ಕಿವಿಗೆ ಇಯರ್‌ಫೋನು, ಬಾಗಿಲಿಗೆ ಚಿಲಕ. ಆಟ ಮುಗಿದ ಮೇಲೆ ಹೆಬ್ಬೆರಳು ನೀವಿಕೊಳ್ಳುತ್ತ ಊಟಕ್ಕೆ ಬರುವಳು. ಅತ್ತೆ ಕಣ್ಣಿನ ಆಪರೇಶನ್ನಿಗೆಂದು ಆಸ್ಪತ್ರೆಯಲ್ಲಿದ್ದ ವಾರ ಅವನು ಇವಳ ಮಣಿಕಟ್ಟು ಮುರಿದಿದ್ದ. ಕೆಲಸಕ್ಕೆ ಹೋಗುವ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಎತ್ತುವಾಗ ಈಗಲೂ ಅಲ್ಲಿ ಚುಳುಕ್ಕೆನ್ನುತ್ತದೆ. ಅತ್ತೆ ಮನೆಯಲ್ಲಿದ್ದಿದ್ದರೂ ಅಷ್ಟೆ, ಧಾರಾವಾಹಿಯ ಸದ್ದು ಜೋರು ಮಾಡಿಕೊಳ್ಳುತ್ತಿದ್ದಳು.

ಇವತ್ತು ಅತ್ತೆ ಫೋನು ಹಿಡಿದು ಅಡುಗೆಮನೆ ಹಾದು ಕೋಣೆಯತ್ತ ನುಸುಳುತ್ತಿದ್ದಾಗ ಅವಳು ಅಡ್ಡ ನಿಂತಳು.

"ಆ ಕಡೆ ನಿಮ್ಮ ಮಗ ನನ್ನ ಚಚ್ಚಲಿ, ಈ ಕಡೆ ನಿಮಗೆ ಧಾರಾವಾಹಿ ಆಗಬೇಕು. ಅಲ್ವಾ ಅತ್ತೆ?"

"ಮೆತ್ತಗೆ ಮಾತಾಡು." ಅತ್ತೆ ಹಾಲ್ ಕಡೆ ಕಣ್ಣು ಹಾಯಿಸಿದಳು.

ಅವಳು ಫೋನು ಕಿತ್ತು ನೈಟಿಯ ಜೇಬಿಗೆ ಇಳಿಸಿದಳು. "ಇವತ್ತು ಇಲ್ಲೇ ಕೂತು ನೋಡಿ."

"ಕೊಡಮ್ಮ. ನಾಳೆ ಬೇಕಾದ್ರೆ ಒಲೆಗೆ ಹಾಕು, ಇವತ್ತು ಕೊಡು. ಕೆಲಸದಿಂದ ಬಂದಾಗ ಅವನ ಮುಖ ನೋಡಿದ್ಯಾ?"

"ನೋಡಿದೀನಿ. ಅದಕ್ಕೇ ಕೊಡಲ್ಲ."

ಅತ್ತೆ ಜೇಬಿಗೆ ಕೈ ಚಾಚಿದಳು. ಸೊಸೆ ಆ ಕೈಯನ್ನು ತಟ್ಟಿ ತಳ್ಳಿದಳು. ಮುದುಕಿ ಗೋಡೆಗೊರಗಿ ನೆಲಕ್ಕೆ ಕೂತು, ಹಾಲ್ ಕಡೆಯ ತೆರೆದ ಬಾಗಿಲನ್ನೇ ನೋಡತೊಡಗಿದಳು.

"ಎಲ್ಲಿ ಸತ್ತ ಇವನು?" ಹಾಲ್‌ನಲ್ಲಿ ಗಂಡ ಗೊಣಗಿದ. ಇನ್ನೂ ಸ್ವಲ್ಪ ಕಾದ. ಆಮೇಲೆ ಯಾರೋ ಹೊಸಬನ ಜೊತೆ ಆಟ ಹೂಡಿದ.

ಅವಳಿಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಹೊಸಬ ಕೊನೆಯ ತಿರುವಿನವರೆಗೆ ಕಾಯಲಿಲ್ಲ. ಮೊದಲ ದಿಬ್ಬದಲ್ಲೇ ಯಮಗಾಲಿಯ ಪಕ್ಕೆಗೆ ಗುದ್ದಿ ಉರುಳಿಸಿದ. ಮೇಲೆ ಹತ್ತಿ ಹಾರನ್ ಹೊಡೆದ. ಇನ್ನೊಂದು ಆಟ. ಮತ್ತೆ ಅದೇ ಹಾರನ್. ಕುರ್ಚಿ ಹಿಂದಕ್ಕೆ ಬಿತ್ತು.

ಅವನು ಬಾಗಿಲಲ್ಲಿ ನಿಂತಿದ್ದ. ಆಟದ ರಿಮೋಟು ಮುಷ್ಟಿಯಲ್ಲೇ ಇತ್ತು.

"ಏನು ಗುಸುಗುಸು ಇಲ್ಲಿ? ನನ್ನ ಗಮನ ಕೆಡಿಸೋಕಾ?"

"ನಾವೇನೂ..."

ಕೂದಲು ಹಿಡಿದು ಸಿಂಕಿನ ಅಂಚಿಗೆ ಅವಳ ಹಣೆ ಬಡಿದ. ತಟ್ಟೆಗಳು ಉರುಳಿದವು. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಅದೇ ಜಾಗಕ್ಕೆ ಒದ್ದ. ಅತ್ತೆ ಅವನ ಕಾಲು ತಬ್ಬಿದಳು. ಅವನು ಕಾಲು ಕೊಡವಿದ, ಮುದುಕಿ ಫ್ರಿಜ್ಜಿಗೆ ಹೋಗಿ ಅಪ್ಪಳಿಸಿದಳು. ರಿಮೋಟು ಸೊಸೆಯ ಬಾಯಿಗೆ ಬಿತ್ತು. ನಾಲಗೆಗೆ ಕಡಲೆಯಂಥದೇನೋ ಸಿಕ್ಕಿತು. ಉಗುಳಿದಳು. ಹಲ್ಲು.

ಅವನು ಏದುಸಿರು ಬಿಡುತ್ತ ಸೆಟೆದು ನಿಂತ. ರಿಮೋಟನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇನ್ನೊಂದಾಟ ಆಡ್ತೀನಿ. ಅದೂ ಹೋಯ್ತೋ, ನೀನು ಬೆಳಗ್ಗೆ ಏಳಲ್ಲ."

ಹಾಲ್‌ನಲ್ಲಿ ಕುರ್ಚಿ ಎತ್ತಿ ನಿಲ್ಲಿಸಿದ ಸದ್ದು. ಟ್ರಕ್ಕು ಗುರುಗುಟ್ಟಿತು. "ಹಳೇಗುಜರಿ, ಬಾರೋ ನಾಯಿ, ಎಲ್ಲಿದ್ದೀಯೋ," ಎಂದು ಅವನು ಟೀವಿಗೆ ಹೇಳುತ್ತಿದ್ದ.

ಅತ್ತೆ ತೆವಳಿಕೊಂಡು ಬಂದು ಅಂಗೈಯಿಂದ ಅವಳ ಬಾಯಿಯ ರಕ್ತ ಒರೆಸಿದಳು. ಇನ್ನೊಂದು ಕೈ ನೈಟಿಯ ಜೇಬಿಗೆ ಇಳಿಯಿತು. ಈ ಹೊತ್ತಿನಲ್ಲೂ ಇವಳಿಗೆ ಫೋನೇ ಬೇಕೆ ಎಂದುಕೊಂಡು ಸೊಸೆ ಆ ಕೈಯನ್ನು ಹಿಡಿದಳು.

"ಬಿಡಮ್ಮ, ಬೇರೆ ಯಾರಾದ್ರೂ ಬಂದುಬಿಡ್ತಾರೆ," ಅತ್ತೆ ಪಿಸುಗುಟ್ಟಿದಳು. "ಬೇಗ ಹೋಗಿ ಸೋತು ಬರ್ತೀನಿ."