ಸಾಕು ಅಂದರೆ

"ಅಮ್ಮಾ, ನನ್ನನ್ನ ಯಾಕೆ ಸಾಕು ಅಂತ ಕರೀತೀರ?"

ಅಮ್ಮ ಹೊಲಿಗೆ ಯಂತ್ರದಿಂದ ಕಾಲು ತೆಗೆದಳು. ಅಕ್ಕಂದಿರು ಮೂವರೂ ಓದಲು ಬೇರೆ ಊರು ಸೇರಿದ್ದರು. ಕಡೆಯವಳು ರಟ್ಟು, ಗೋಂದು, ಬಣ್ಣ ಎಲ್ಲ ಹರಡಿಕೊಂಡು ನೆಲದ ಮೇಲೆ ಕೂತಿದ್ದಳು. ಶಾಲೆಯಲ್ಲಿ ಆಫ್ರಿಕಾದ ಕಾದಂಬರಿಯೊಂದನ್ನು ಓದಿಸುತ್ತಿದ್ದರು. ಅದರಲ್ಲಿ ಬರುವ ಇಗ್ಬೊ ಜನರ ಬದುಕಿನ ಬಗ್ಗೆ ಮಕ್ಕಳೆಲ್ಲ ಏನಾದರೂ ಮಾಡಿ ತರಬೇಕಿತ್ತು. ಒಬ್ಬರು ಮುಖವಾಡ, ಇನ್ನೊಬ್ಬರು ಮಣ್ಣಿನ ಮನೆ. ಇವಳು ಆರಿಸಿಕೊಂಡದ್ದು ಹೆಸರುಗಳನ್ನು.

"ಅವರಲ್ಲಿ ಹೆಸರು ಬರೀ ಕೂಗೋಕಲ್ಲಮ್ಮ, ಒಂದೊಂದೂ ಒಂದು ಮಾತು. ಅಹಮೆಫುಲ ಅಂದ್ರೆ, ನನ್ನ ಹೆಸರು ಅಳಿಯದಿರಲಿ. ಒಬಿಯಾನುಜು ಅಂದ್ರೆ, ತುಂಬಿದ ಮನೆಗೆ ಬಂದವಳು. ಮಗು ಹುಟ್ಟಿದಾಗ ಮನೆಯವರ ಮನಸ್ಸಲ್ಲಿ ಏನಿತ್ತೋ ಅದೇ ಹೆಸರು. ಕೊನೇಲಿ ನಮ್ಮನ್ನ ಮನೇಲಿ ಕರೆಯೋ ಹೆಸರೂ, ಅದರ ಅರ್ಥನೂ ಬರೀಬೇಕು."

ಹುಟ್ಟಿದಾಗ ಮನೆಯವರ ಮನಸ್ಸಲ್ಲಿ ಏನಿತ್ತೆಂದು ಅಮ್ಮನಿಗೆ ಗೊತ್ತಿಲ್ಲದೆ ಏನು! ನರ್ಸ್ ಬಂದು ಇದೂ ಹೆಣ್ಣೇ ಅಂದಾಗ ಗಂಡನ ಬಾಯಿಂದ ಬಿದ್ದದ್ದು ಅದೊಂದೇ ಮಾತು. ನೆಂಟರ ಬಾಯಲ್ಲಿ ಅದು ತಮಾಷೆಯಾಯಿತು, ಮನೆಯಲ್ಲಿ ಮುದ್ದಾಯಿತು, ಕಡೆಗೆ ಹೆಸರೇ ಆಗಿ ಕೂತಿತು. ಆದರೆ ಹಾಗಂತ ಹೆತ್ತವಳು ಹೇಳುವುದು ಹೇಗೆ?

"ಸಾಕೋದು ಅಂತೀವಲ್ಲ, ಸಾಕಿ ಸಲಹೋದು. ಅದೇ ಸಾಕು," ಅಂದಳು.

ಒಂದು ಪದಕ್ಕೆ ಎರಡು ಅರ್ಥವಿದ್ದರೆ ಸುಳ್ಳಿಗೂ ನೆಲೆ ಸಿಗುತ್ತದೆ. ಹುಡುಗಿಯ ಮುಖ ಅರಳಿತು. ರಟ್ಟಿನ ಕೆಳಗೆ, ಉಳಿದೆಲ್ಲ ಹೆಸರಿಗಿಂತ ದಪ್ಪಗೆ ಬರೆದಳು: 'ಸಾಕು: ಇವಳನ್ನು ನಾವು ಪ್ರೀತಿಯಿಂದ ಸಾಕುತ್ತೇವೆ.'

ಸಂಜೆ ಅಪ್ಪ ಬಸ್ ಡಿಪೋದಿಂದ ಬಂದ. ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಲೇ ರಟ್ಟು ಓದಿದ. ಮನುಷ್ಯ ಕೆಟ್ಟವನಲ್ಲ, ನಾಲಿಗೆಗೆ ಮಾತ್ರ ಲಗಾಮಿಲ್ಲ. ಅಮ್ಮ ಕಣ್ಣಲ್ಲೇ ಬೇಡ ಅಂದದ್ದು ಅವನಿಗೆ ಕಾಣಲಿಲ್ಲ.

"ಯಾರು ಹೇಳಿದ್ದು ಇದನ್ನ? ಮೂರೂ ಹೆಣ್ಣಾಗಿತ್ತು, ನೀನೂ ಹೆಣ್ಣು ಅಂದ್ರು. ಸಾಕಪ್ಪಾ ಸಾಕು ಅಂದೆ. ಅದೇ ನಿಂತೋಯ್ತು." ನಗುತ್ತಾ ಅವಳ ತಲೆ ಸವರಿದ. "ಈಗ ನೀನಿಲ್ದೆ ನಂಗೆ ಹೊತ್ತು ಹೋಗತ್ತಾ, ಪುಟ್ಟಿ?"

ಆ ಕೊನೆಯ ಮಾತು ನಿಜವೇ. ಆದರೆ ಹುಡುಗಿಗೆ ಅದು ಕೇಳಿಸಿದಂತಿರಲಿಲ್ಲ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಬಣ್ಣ ಒಣಗಿಬಿಟ್ಟಿತ್ತು, ಅಳಿಸುವಂತಿರಲಿಲ್ಲ. ಅಮ್ಮನ ದೊಡ್ಡ ಕತ್ತರಿ ತಂದು ರಟ್ಟಿನ ಕೊನೆಯ ಸಾಲನ್ನು ನೀಟಾಗಿ ಕತ್ತರಿಸಿ ತೆಗೆದಳು. ನಾನಂತೂ ಹಾಗಂದಿರಲಿಲ್ಲ ಕಣೇ ಎಂದು ಅಮ್ಮ ಹೇಳೋಣವೆಂದರೆ, ಬೆಳಗಾದರೆ ಆ ಹೆಸರು ಹಿಡಿದು ಎಬ್ಬಿಸುತ್ತಿದ್ದವಳು ತಾನೇ.

ಮೂವರೂ ಊಟಕ್ಕೆ ಕೂತರು. ಅಮ್ಮ ಮಗಳಿಗೆ ಒಂದು ಸೌಟು ಅನ್ನ ಬಡಿಸಿದಳು, ಇನ್ನೊಂದು ಬಡಿಸಿದಳು. ಹುಡುಗಿ ತಟ್ಟೆ ನೋಡುತ್ತಾ ಸುಮ್ಮನಿದ್ದಳು. ಮತ್ತೊಂದು ಬಡಿಸಿದಾಗ ತಟ್ಟೆಯ ಅಂಚು ದಾಟಿ ನೆಲಕ್ಕೆ ಬಿತ್ತು. ಅಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

"ಹೇಳಬಾರದೇನೇ?" ಅಂದಳು ಅಮ್ಮ.

"ಅಪ್ಪನ್ನ ಕೇಳಮ್ಮ," ಅಂದಳು ಹುಡುಗಿ ಮೆಲ್ಲಗೆ. "ಯಾವಾಗ ಸಾಕು ಅನ್ನಬೇಕು ಅಂತ ಅವರಿಗೇ ಗೊತ್ತು."