"ನಿಮಗೆ ಮಾತ್ರ" ಎಂದು ಬಂದ ಇಮೇಲ್

ಇದನ್ನು ಮೊದಲು ನನ್ನ ಅಮ್ಮನಿಗೆ ಕಳಿಸಿದೆ... ಆಮೇಲೆ ನಿಮಗೆ. ಚಹಾ ಕುಡಿಯುತ್ತಾ ಓದಿ, ಆದರೆ ಕೊನೆಯವರೆಗೂ ಓದಿ.

ಧಾರವಾಡದ ಒಂದು ಬಡಾವಣೆಯಲ್ಲಿ ಚಂಪಕ್ಕ ಅಂತ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಮಗ, ಸೊಸೆಯ ಜೊತೆ ವಾಸ.

ಮಗ ಬೆಳಿಗ್ಗೆ ಹುಬ್ಬಳ್ಳಿಯ ಆಫೀಸಿಗೆ ಹೋದರೆ ಬರುವುದು ಸಂಜೆಯ ಮೇಲೆ. ಸೊಸೆ ಸೀಮಾ ಮುಂದಿನ ಕೋಣೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಾಳೆ. ತಲೆ ಎತ್ತಲೂ ಪುರುಸೊತ್ತಿಲ್ಲ.

ಚಂಪಕ್ಕನಿಗೆ ಮಧ್ಯಾಹ್ನಗಳೇ ಕಳೆಯುತ್ತಿರಲಿಲ್ಲ...

ಗಂಡನ ಜೊತೆ ದಿನಾ ಇಸ್ಪೀಟು ಆಡಿ ರೂಢಿ. ಹಾಗಾಗಿ ಮೊಬೈಲಿನಲ್ಲಿ ರಮ್ಮಿ ಶುರು ಮಾಡಿದರು. ಮೊದಲು ಸುಮ್ಮನೆ... ಆಮೇಲೆ ಪೆನ್ಷನ್ ದುಡ್ಡು ಕಟ್ಟಿ.

ಈ ವಿಷಯ ಗೊತ್ತಿದ್ದದ್ದು ಹಿಂದಿನ ಓಣಿಯ ಗೆಳತಿ ಇಂದಕ್ಕನಿಗೆ ಮಾತ್ರ. ಯಾಕೆಂದರೆ ಇಂದಕ್ಕನೂ ಅದೇ ಆ್ಯಪ್‌ನಲ್ಲಿ ಆಡುತ್ತಿದ್ದರು!

ಒಂದು ದಿನ ಆ ಆ್ಯಪ್ ಬಂದ್ ಆಯಿತು. ಇಂದಕ್ಕ "ಪೀಡಾ ತೊಲಗಿತು" ಅಂದರು. ಚಂಪಕ್ಕನಿಗೆ ಮಾತ್ರ ಏನೋ ಕಳೆದುಕೊಂಡ ಹಾಗೆ...

ಸ್ವಲ್ಪ ದಿನಕ್ಕೆ ಒಂದು ಇಮೇಲ್ ಬಂತು. ಬಣ್ಣಬಣ್ಣದ ಅಕ್ಷರ, ಮೇಲೆ ಅದೇ ಆ್ಯಪ್‌ನ ಚಿತ್ರ.

"ಅಭಿನಂದನೆಗಳು, ಬೆಲೆಬಾಳುವ ಆಟಗಾರ! ನಾವು ಮರಳಿ ಬರುತ್ತಿದ್ದೇವೆ. ಈ ಬೋನಸ್ ನಿಮಗೆ ಮಾತ್ರ. ಇಂದು ಸಂಜೆಯೊಳಗೆ ಪಡೆಯಿರಿ. ಗೌಪ್ಯವಾಗಿಡಿ."

ಚಂಪಕ್ಕ ಲಿಂಕ್ ಒತ್ತಿದರು. ಹೆಸರು, ಫೋನ್ ನಂಬರ್ ತುಂಬಿದರು. ಖುಷಿ ತಡೆಯಲಾಗದೆ ಇಂದಕ್ಕನಿಗೆ ಫೋನ್ ಮಾಡಿದರು.

"ಇಂದೂ, ಅಷ್ಟು ಮಂದಿಯೊಳಗ ನನ್ನ ಒಬ್ಬಾಕಿನ್ನ ಆರಿಸ್ಯಾರ ನೋಡು!"

ಇಂದಕ್ಕ ಆ ಕಡೆಯಿಂದ ಕೇಳಿದರು.

"ಚಂಪಾ, ಅದೇ ಪತ್ರ ನನಗೂ ಬಂದದ. ಒಂದಕ್ಷರ ಹೆಚ್ಚುಕಡಿಮಿ ಇಲ್ಲ. ನಿನಗ ಮಾತ್ರ ಅಂದ್ರ, ನನಗ್ಯಾಕ ಬಂತು?"

ಇಂದಕ್ಕ ಅಷ್ಟಕ್ಕೇ ಬಿಡಲಿಲ್ಲ.

"ಕಳಿಸಿದವರ ಅಡ್ರೆಸ್ ನೋಡಿಯೇನು? ಆ್ಯಪಿನ ಹೆಸರೇ ಇಲ್ಲ ಅದರಾಗ. ಏನೇನೋ ಅಕ್ಷರ, ಏನೇನೋ ನಂಬರು. ನಮ್ಮ ಹೆಸರೂ ಹಾಕಿಲ್ಲ. ಬರೇ ಆಟಗಾರ ಅಂತ. ಮತ್ತ ಅಷ್ಟು ಅವಸರ ಯಾಕಂತ ಅವರಿಗೆ?"

"ನನಗ ಒಳ್ಳೇದಾದ್ರ ನಿನಗ ಹೊಟ್ಟಿಕಿಚ್ಚು!" ಚಂಪಕ್ಕ ಫೋನ್ ಇಟ್ಟುಬಿಟ್ಟರು.

ಇಂದಕ್ಕ ಮತ್ತೆ ಫೋನ್ ಮಾಡಿದರೆ ಲೈನ್ ಬ್ಯುಸಿ. ಇಂದಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಮೊಣಕಾಲು ನೋವು ಬೇರೆ...

ಅವರು ಹಿಂದಿನ ಬಾಗಿಲಿನಿಂದ ಒಳಗೆ ಬಂದಾಗ ಚಂಪಕ್ಕ ಮಂಚದ ಮೇಲೆ ಕೂತಿದ್ದರು. ಕಿವಿಗೆ ಫೋನ್. ಆ ಕಡೆ ಯಾರೋ "ಬೋನಸ್ ಮ್ಯಾನೇಜರ್". ಎಟಿಎಂ ಕಾರ್ಡಿನ ನಂಬರ್ ಆಗಲೇ ಹೇಳಿಯಾಗಿತ್ತು. ಇನ್ನು ಓಟಿಪಿ ಒಂದೇ ಬಾಕಿ.

"ಹೇಳಬ್ಯಾಡ ಚಂಪಾ!"

ಇಂದಕ್ಕನ ಆ ಧ್ವನಿ ಫೋನಿನವನಿಗೂ ಕೇಳಿಸಿತು. ಅವನು ಮೆತ್ತಗೆ ಹೇಳಿದ... "ಮೇಡಂ, ಪಕ್ಕದಲ್ಲಿ ಯಾರು? ಅವರನ್ನ ಹೊರಗೆ ಕಳಿಸಿ. ಮನೆಯವರಿಗೆ ಗೊತ್ತಾದ್ರೆ ನಿಮಗೇ ತೊಂದರೆ."

ಚಂಪಕ್ಕ ಯೋಚಿಸಿದರು.

ನಿಜ, ಮನೆಯವರಿಗೆ ಗೊತ್ತಾದರೆ ತೊಂದರೆ. ಸೊಸೆಯ ಮುಂದೆ ಮುಖ ಎತ್ತುವುದು ಹೇಗೆ? ದುಡ್ಡು ಕಟ್ಟಿ ಜೂಜಾಡುವ ಅತ್ತೆ...

ಆದರೆ ನನಗೆ ಒಳ್ಳೆಯದು ಮಾಡುವವನು, ನನ್ನ ಮನೆಯವರಿಗೆ ಯಾಕೆ ಹೆದರುತ್ತಾನೆ?

ಇಂದಕ್ಕ ಫೋನ್ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಗೆಳತಿಯ ಮುಖವನ್ನೇ ನೋಡುತ್ತಾ ನಿಂತರು.

ಚಂಪಕ್ಕ ಉಸಿರು ಎಳೆದುಕೊಂಡು ಜೋರಾಗಿ ಕೂಗಿದರು...

"ಸೀಮಾ! ಇಲ್ಲೆ ಬಾರವಾ!"

ಹೊಲಿಗೆ ಮಷಿನ್ ನಿಂತಿತು. ಸೀಮಾ ಗಾಬರಿಯಿಂದ ಓಡಿ ಬಂದಳು. ಚಂಪಕ್ಕ ಸ್ಪೀಕರ್ ಹಾಕಿದರು.

"ಈಗ ಹೇಳಪಾ ತಮ್ಮಾ. ನನ್ನ ಸೊಸಿ ಮುಂದನ ಹೇಳು. ಏನು ಬೋನಸ್ಸು, ಯಾತರ ಬೋನಸ್ಸು?"

ಟಕ್... ಲೈನ್ ಕಟ್!

ಸೀಮಾ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದಳು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಳು. ಖಾತೆಯಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ.

ಆಮೇಲೆ ಚಂಪಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದರು. ಬೈಗುಳಕ್ಕಾಗಿ ಕಾದರು...

ಸೀಮಾ "ಎಷ್ಟು ಕಳಕೊಂಡ್ರಿ?" ಅಂತ ಕೇಳಲಿಲ್ಲ. ಹತ್ತಿರ ಬಂದು ಕೂತಳು. ಅವಳ ಕಣ್ಣೂ ತುಂಬಿತ್ತು.

"ಅತ್ತೀ... ಮಧ್ಯಾಹ್ನ ಒಬ್ಬರಿಗೇ ಅಷ್ಟು ಬ್ಯಾಸರ ಆಗ್ತಿತ್ತೇನ್ರಿ? ಗ್ವಾಡಿ ಆಚೆ ನಾ ಇದ್ದೆ. ಒಂದ್ ಸಲ ಕರೀಬಾರದಿತ್ತೇನ್ರಿ?"

ಅತ್ತೆ ಸೊಸೆ ಇಬ್ಬರೂ ಅತ್ತರು. ಪಕ್ಕದಲ್ಲಿ ನಿಂತಿದ್ದ ಇಂದಕ್ಕನೂ ಅತ್ತರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನಿಮಗೆ ಕಳಿಸುತ್ತಿರಲಿಲ್ಲ.

ಮುಂದಿನ ಭಾನುವಾರ ಬಡಾವಣೆಯ ಮಹಿಳಾ ಮಂಡಳದ ಸಭೆ. ಹಾಡು, ಅರಿಶಿನ ಕುಂಕುಮ ಎಲ್ಲಾ ಆಯಿತು. ಚಂಪಕ್ಕ ಎದ್ದು ಹೋಗಿ ಮೈಕ್ ತಗೊಂಡರು.

"ನಾ ಮೊಬೈಲಿನ್ಯಾಗ ರೊಕ್ಕ ಹಚ್ಚಿ ಇಸ್ಪೀಟ್ ಆಡ್ತಿದ್ದೆ. ಇನ್ ಆಡಂಗಿಲ್ಲ. ನಗೋರು ಈಗ ನಕ್ಕುಬಿಡ್ರಿ, ಆಮ್ಯಾಲೆ ಈ ಪತ್ರ ಕೇಳ್ರಿ!"

ಕೆಲವರು ನಕ್ಕರು. ಚಂಪಕ್ಕ ಆ ಇಮೇಲನ್ನು ಪೂರ್ತಿ ಓದಿದರು. "ಬೆಲೆಬಾಳುವ ಆಟಗಾರ" ಅನ್ನುವಾಗ ಎಲ್ಲರೂ ನಕ್ಕರು...

ಮೂರನೇ ಸಾಲಿನ ಒಬ್ಬ ಹೆಂಗಸು ಮಾತ್ರ ನಗಲಿಲ್ಲ. ಮೆಲ್ಲಗೆ ಕೈ ಎತ್ತಿದಳು. "ನನಗೂ ಇವತ್ತ ಮುಂಜಾನೆ ಬಂದದ್ರಿ... ಸಂಜಿಗೆ ಲಿಂಕ್ ಒತ್ತೋಳಿದ್ದೆ."

ಹಿಂದಿನಿಂದ ಇನ್ನೊಂದು ಕೈ. ಬಾಗಿಲ ಹತ್ತಿರ ಮತ್ತೊಂದು.

ಇಷ್ಟು ದಿನ ಒಬ್ಬೊಬ್ಬರೇ ಬಚ್ಚಿಟ್ಟುಕೊಂಡಿದ್ದ ಭಯ ಅವತ್ತು ಸಭೆಯಲ್ಲಿ ಬಯಲಾಯಿತು. ಮೊದಲು ನಕ್ಕವರೇ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದರು. ಚಂಪಕ್ಕ ಮೈಕ್ ಹಿಡಿದೇ ನಿಂತಿದ್ದರು... ತಲೆ ಎತ್ತಿ!

ಈಗ ಚಂಪಕ್ಕನ ಮನೆಯಲ್ಲಿ ಮಧ್ಯಾಹ್ನ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನೆಲದ ಮೇಲೆ ಚಾಪೆ, ನಿಜವಾದ ಇಸ್ಪೀಟು, ಪಣಕ್ಕೆ ಹುಣಸೆ ಬೀಜ. ಸೀಮಾ ದಿನಾ ಸೋಲುತ್ತಾಳೆ, ದಿನಾ ಜಗಳ ತೆಗೆಯುತ್ತಾಳೆ. ಇಂದಕ್ಕ ಪಂಚಾಯ್ತಿ ಮಾಡುತ್ತಾರೆ.

*ನಿಮ್ಮವರಿಂದ ಮುಚ್ಚಿಡಿ ಎನ್ನುವ ಲಾಭ ಯಾವತ್ತೂ ನಿಮ್ಮ ಲಾಭವಲ್ಲ.*

ನಿಮ್ಮ ಮನೆಯಲ್ಲೂ ಗೋಡೆಯ ಆಚೆ ಯಾರಾದರೂ ಒಬ್ಬರೇ ಮೊಬೈಲ್ ಹಿಡಿದು ಕೂತಿದ್ದಾರಾ... ಇವತ್ತು ಅವರ ಪಕ್ಕದಲ್ಲಿ ಒಮ್ಮೆ ಹೋಗಿ ಕೂರುತ್ತೀರಾ?